ಕೊಳದ ಮೇಲಿನ ಕಸ

ಕೈತೋಟದ ಕೊಳಕ್ಕೆ ಉದುರಿದ ಎಲೆ ಮೊದಲು ತೇಲುತ್ತದೆ. ನೆನೆದ ಬಳಿಕ ಮುಳುಗಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ತಗ್ಗುವುದರಿಂದ ಮುಂಜಾನೆ ಮೀನುಗಳು ಮೇಲೆ ಬಂದು ಬಾಯ್ದೆರೆಯುತ್ತವೆ. ಕಸವನ್ನು ತೇಲುವಾಗಲೇ ಸೆಳೆದು ಬುಟ್ಟಿಗೆ ಸೇರಿಸುವ ಸಾಧನವೇ ಸ್ಕಿಮ್ಮರ್.

ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಇಳಿಯುವ ಕಾಸರಗೋಡಿನ ಕೊಳಗಳಿಗೆ ತೇಲುವ ಮಾದರಿಯೇ ಲೇಸು. ದಡಕ್ಕೆ ಬಿಗಿದ ಮಾದರಿಯಾದರೆ, ನೀರು ತಗ್ಗಿದಾಗ ಪಂಪು ಬರಿದೆ ತಿರುಗಿ ಕೆಟ್ಟೀತು. ಗಾಳಿಯು ಕಸವನ್ನು ತಳ್ಳಿ ತರುವ ಬದಿಯೇ ಅದಕ್ಕೆ ತಕ್ಕ ಸ್ಥಾನ.

ಬುಟ್ಟಿಯನ್ನು ದಿನವೂ ಬರಿದು ಮಾಡಬೇಕು. ಅದರಲ್ಲೇ ಉಳಿದ ಎಲೆ ಕೊಳದಲ್ಲಿ ಕೊಳೆತಂತೆಯೇ ಸರಿ. ಮೊದಲು ಹಿರಿಯರು ಪಂಪಿನ ವಿದ್ಯುತ್ ಸಂಪರ್ಕವನ್ನು ತಪ್ಪಿಸಲಿ. ಅನಂತರ ಮಕ್ಕಳು ಕಸದ ನಡುವೆ ಸಿಲುಕಿದ ಗೊದಮೊಟ್ಟೆ, ಮರಿಮೀನುಗಳನ್ನು ನೀರಿಗೆ ಮರಳಿಸಲಿ. ರಜೆಯಲ್ಲಿ ಬುಟ್ಟಿ ನೋಡುವವರಿಲ್ಲದ ಶಾಲೆಯು ಯಂತ್ರವನ್ನು ಕೊಳ್ಳದಿರುವುದೇ ಮೇಲು. ಅಲ್ಲಿ ಉದ್ದ ಕೋಲಿನ ಬಲೆಯೊಂದು ಸಾಕು.