ನಾಲ್ಕು ಬತ್ತಿ, ಒಂದು ಚೀಟಿ

ಮಕ್ಕಳೇ, ಕಳೆದ ಭಾನುವಾರ ನಮ್ಮ ಮನೆಯಲ್ಲಿ ಮೊದಲ ಮೇಣದಬತ್ತಿ ಹಚ್ಚಿದೆವು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳನ್ನು ನಾವು ಕ್ರೈಸ್ತರು ಆಗಮನ ಕಾಲ ಎನ್ನುತ್ತೇವೆ. ಹಸಿರೆಲೆಯ ಬಳೆಯಲ್ಲಿ ನಾಲ್ಕು ಬತ್ತಿ ಇಟ್ಟು, ಭಾನುವಾರಕ್ಕೊಂದರಂತೆ ಹಚ್ಚುತ್ತಾ ಹೋಗುವುದು ಪದ್ಧತಿ. ಮೂರು ನೇರಳೆ, ಒಂದು ಗುಲಾಬಿ. ನೇರಳೆ ಮನಸ್ಸು ತಿದ್ದಿಕೊಳ್ಳುವ ಬಣ್ಣ. ಮೂರನೇ ವಾರದ ಗುಲಾಬಿ, ಹಬ್ಬ ಹತ್ತಿರ ಬಂತೆನ್ನುವ ಸಂತೋಷದ ಬಣ್ಣ.

ಬತ್ತಿ ಹಚ್ಚಿ ಕುಳಿತಿದ್ದಾಗ ಮೊಮ್ಮಗಳು ಮೊಬೈಲ್ ಹಿಡಿದು ಬಂದಳು. “ಅಜ್ಜ, ಹನ್ನೊಂದು ಸಾಮಾನು ಆರಿಸಿದ್ದೀನಿ. ಒಂದು ಸಲ ಒತ್ತಿಬಿಡಿ, ನಾಳೆನೇ ಬರುತ್ತೆ.”

ನಾನು ಒತ್ತಲಿಲ್ಲ. ಎಡಕುಮೇರಿಯ ಕತೆ ಹೇಳಿದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಸುಮಾರು 55 ಕಿಲೋಮೀಟರ್ ಘಟ್ಟದ ರೈಲುದಾರಿಯಲ್ಲಿ 57 ಸುರಂಗಗಳಿವೆ. ಆ ದಾರಿಯ ನಡುವೆ, ಕಾಡಿನೊಳಗಿನ ನಿಲ್ದಾಣ ಎಡಕುಮೇರಿ. 1979ರಲ್ಲಿ ಈ ಮಾರ್ಗ ತೆರೆದ ಮೇಲೆ ನನ್ನ ಅಪ್ಪನಿಗೆ ಅಲ್ಲಿ ಗ್ಯಾಂಗ್‌ಮನ್ ಕೆಲಸ, ಹಳಿ ನೋಡಿಕೊಳ್ಳಬೇಕು. ಅಂಗಡಿಗೆ ಹೋಗಬೇಕೆಂದರೆ ರೈಲು ಹತ್ತಿ ಸಕಲೇಶಪುರಕ್ಕೇ ಬರಬೇಕು. ಅದಕ್ಕೇ ಅಮ್ಮ ಚೀಟಿ ಬರೆದುಕೊಡುತ್ತಿದ್ದಳು. ಚೀಟಿಯಲ್ಲಿದ್ದದ್ದು ಮನೆಗೆ ಬರುತ್ತಿತ್ತು, ಮರೆತದ್ದಕ್ಕೆ ಕಾಯಬೇಕಿತ್ತು.

ನನಗೆ ಆಗ ಹತ್ತು ವರ್ಷ. ಆ ಡಿಸೆಂಬರಿನ ಚೀಟಿಯಲ್ಲಿ ಅಕ್ಕಿ, ಬೆಲ್ಲ, ಸೀಮೆಎಣ್ಣೆ ಇದ್ದವು. ಕೊನೆಯಲ್ಲಿ ‘ಅಜ್ಜಿಗೆ ಕಂಬಳಿ’. ಪ್ರತಿವರ್ಷ ಬಿದಿರಕಡ್ಡಿಗೆ ಕಾಗದ ಅಂಟಿಸಿ ಮನೆಯಲ್ಲೇ ನಕ್ಷತ್ರ ಮಾಡುತ್ತಿದ್ದೆವು. ನನಗೆ ಅಂಗಡಿಯದೇ ಬೇಕೆನಿಸಿತ್ತು. ಬೆಲ್ಲದ ಪಕ್ಕದಲ್ಲಿ ಗುಟ್ಟಾಗಿ ‘ನಕ್ಷತ್ರ, ದೊಡ್ಡದು’ ಎಂದು ಸೇರಿಸಿದೆ. ಅಪ್ಪನಿಗೆ ಓದು ಅಷ್ಟಕ್ಕಷ್ಟೆ. ಚೀಟಿಯನ್ನು ಅಂಗಡಿಯವರ ಕೈಗೆ ಕೊಟ್ಟರು. ಉಳಿದ ದುಡ್ಡಿಗೆ ಕಂಬಳಿ ಸಿಗಲಿಲ್ಲ.

ಬಾಗಿಲಲ್ಲಿ ನಕ್ಷತ್ರ ತೂಗಿತು. ಒಳಗೆ ಅಜ್ಜಿ ಅಮ್ಮನ ಹಳೇ ಸೀರೆ ಹೊದ್ದು ರಾತ್ರಿಯಿಡೀ ಕೆಮ್ಮುತ್ತಿದ್ದಳು. “ನಕ್ಷತ್ರ ಚೆಂದ ಇದೆ ಮಗ” ಎಂದಳು. ಅಮ್ಮ ನನ್ನ ಅಕ್ಷರ ಗುರುತಿಸಿದ್ದಳು. ಬಯ್ಯಲಿಲ್ಲ. “ಇನ್ನು ಮೇಲೆ ಚೀಟಿ ನೀನೇ ಬರಿ” ಎಂದಳು, ಅಷ್ಟೇ. ಕಂಬಳಿ ಬಂದದ್ದು ಮುಂದಿನ ಸಂಬಳಕ್ಕೆ.

ಮರುವರ್ಷದಿಂದ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಮೊದಲ ಬತ್ತಿಯ ದಿನ ಎಲ್ಲರ ಆಸೆಯನ್ನೂ ಚೀಟಿಯಲ್ಲಿ ಬರೆಯುವುದು. ಆಮೇಲೆ ಪ್ರತಿ ಭಾನುವಾರ ಬತ್ತಿ ಹಚ್ಚಿ, ಪ್ರಾರ್ಥನೆ ಮುಗಿಸಿ, ಚೀಟಿಯನ್ನು ಗಟ್ಟಿಯಾಗಿ ಓದುವುದು. ಕೇಳಿಕೊಳ್ಳುವ ಪ್ರಶ್ನೆ ಎರಡೇ: ಇದು ಈಗಲೂ ಬೇಕಾ? ಇದನ್ನು ಕೊಂಡರೆ ಯಾರಿಗೆ ಏನು ತಪ್ಪುತ್ತದೆ? ಬೇಡವೆನಿಸಿದ್ದನ್ನು ಹೊಡೆದುಹಾಕಿ, ಆ ದುಡ್ಡನ್ನು ಡಬ್ಬಿಗೆ ಹಾಕುತ್ತಿದ್ದೆವು. ಹಬ್ಬದ ಹಿಂದಿನ ದಿನ ಡಬ್ಬಿ, ಕಷ್ಟದಲ್ಲಿದ್ದ ಒಂದು ಮನೆಗೆ.

ಇದು ಜಿಪುಣತನವಲ್ಲ. ಎರಡು ಅಂಗಿ ಇದ್ದವರು ಇಲ್ಲದವರ ಜೊತೆ ಹಂಚಿಕೊಳ್ಳಬೇಕೆಂದು ಸ್ನಾನಿಕ ಯೊವಾನ್ನರು ಬೋಧಿಸಿದ್ದನ್ನು ಈ ದಿನಗಳಲ್ಲಿ ಚರ್ಚಿನಲ್ಲಿ ಕೇಳುತ್ತೇವೆ. ಕಣ್ಣು ಮುಚ್ಚಿ ಪ್ರಾರ್ಥಿಸುವುದು ಸುಲಭ; ಕೈ ಜೇಬಿನಲ್ಲಿದ್ದಾಗ ಕಣ್ಣು ತೆರೆದು ಪಕ್ಕದವರನ್ನು ನೋಡುವುದು ಕಷ್ಟ. ನನಗೆ ಅದನ್ನು ಕಲಿಸಿದ್ದು ಅಜ್ಜಿಯ ಕೆಮ್ಮು.

ನಿಮ್ಮ ಹಬ್ಬ ಯಾವುದೇ ಇರಲಿ, ಅಜ್ಜ ಅಜ್ಜಿಯರ ಜೊತೆ ಕೂತು ಇಂಥದೊಂದು ಚೀಟಿ ಬರೆದು ನೋಡಿ.

ಮೊಮ್ಮಗಳು ಹನ್ನೊಂದನ್ನೂ ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ತುಂಬಾ ಹೊತ್ತು ನೋಡಿ, “ಅಜ್ಜ, ಒಂದನ್ನೂ ಹೊಡೆಯೋಕೆ ಮನಸ್ಸಿಲ್ಲ” ಎಂದಳು.

“ಪರವಾಗಿಲ್ಲ ಮಗಳೇ” ಎಂದೆ. “ಇನ್ನೂ ಮೂರು ಬತ್ತಿ ಇವೆ.”