ಪರವೂರಿನ ತಟ್ಟೆಯಲ್ಲಿ ಸಾವಯವ

ಬೆಂಗಳೂರಿನಲ್ಲಿ ಕೊಠಡಿ ಹಿಡಿದು ನಾಲ್ಕೆಂಟು ದಿನ ತಂಗುವವರು ಹಲವು ಬಗೆ. ಆಸ್ಪತ್ರೆಯಲ್ಲಿರುವ ಬಂಧುವಿನ ಆರೈಕೆಗೆ ಬಂದವರು, ಹೈಕೋರ್ಟಿನ ವಾಯಿದೆಗೆ ಬಂದವರು, ಕಂಪನಿ ಕೆಲಸದ ಮೇಲೆ ಬಂದವರು. ಇವರಲ್ಲಿ ಕೆಲವರ ಮನೆಯಲ್ಲಿ ಅಕ್ಕಿ, ಬೇಳೆ, ಬೆಲ್ಲದಿಂದ ಹಿಡಿದು ಸೊಪ್ಪಿನವರೆಗೆ ಎಲ್ಲವೂ ಸಾವಯವ. ಆ ಕಟ್ಟುಪಾಡನ್ನು ಪರವೂರಿನಲ್ಲೂ ಪಾಲಿಸಬೇಕೆ, ಅಥವಾ ಪಕ್ಕದ ದರ್ಶಿನಿಯಲ್ಲಿ ಸಿಕ್ಕಿದ್ದನ್ನು ಉಂಡು ದಿನ ಕಳೆದುಬಿಡಬೇಕೆ ಎಂಬುದರಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯವಿದೆ.

ಸಾವಯವವನ್ನೇ ಹುಡುಕಬೇಕು ಎನ್ನುವವರು ಮೊದಲು ಹೇಳುವುದು, ಇದು ಈ ನಗರದಲ್ಲಿ ಅಸಾಧ್ಯವಲ್ಲ ಎಂದು. ಸಾವಯವ ಕೃಷಿಗೆಂದೇ 2004ರಲ್ಲಿ ನೀತಿ ರೂಪಿಸಿದ ರಾಜ್ಯದ ರಾಜಧಾನಿ ಇದು. ಲಾಲ್‌ಬಾಗಿನ ಬಳಿ ಜೈವಿಕ್ ಕೃಷಿಕ್ ಸೊಸೈಟಿ ಮಳಿಗೆ ನಡೆಸಿಕೊಂಡು ಬಂದಿದೆ. ಸಹಜ ಸಮೃದ್ಧದಂಥ ಸಂಸ್ಥೆಗಳು ರೈತರ ಬೆಳೆಯನ್ನು ನಗರಕ್ಕೆ ತಲುಪಿಸುತ್ತಿವೆ. ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ನಿಯಮ ತಂದ ಮೇಲೆ, ಸಾವಯವ ಎಂದು ಬರೆದು ಮಾರುವ ಪೊಟ್ಟಣಕ್ಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಎಂಬ ಸರ್ಕಾರಿ ಪದ್ಧತಿಯ ಪ್ರಮಾಣಪತ್ರ ಬೇಕು. ಅದನ್ನು ಸೂಚಿಸುವ ‘ಜೈವಿಕ್ ಭಾರತ್’ ಮುದ್ರೆ ನೋಡಿ ಕೊಳ್ಳುವುದು ಕಷ್ಟದ ಕೆಲಸವಲ್ಲ.

ಈ ಪಕ್ಷದ ಇನ್ನೂ ಗಟ್ಟಿಯಾದ ಕಾರಣ ಉಣ್ಣುವವನ ಹೊಟ್ಟೆಗೆ ಸಂಬಂಧಿಸಿದ್ದಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಭಾಗದ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ನರಳಿದವರು ಎಲ್ಲೋ ಕುಳಿತು ಗೋಡಂಬಿ ತಿಂದವರಲ್ಲ, ತೋಟದ ಅಂಚಿನಲ್ಲಿ ಬದುಕಿದವರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಹೀಗೆ ನೋಡಿದರೆ ‘ನಾಲ್ಕು ದಿನ ತಿಂದರೆ ನನಗೇನಾಗುತ್ತದೆ’ ಎಂಬ ಪ್ರಶ್ನೆಯೇ ಸ್ವಲ್ಪ ಕಿರಿದು. ಹೋಟೆಲೊಂದು ದಿನಕ್ಕೆ ಕೊಳ್ಳುವ ತರಕಾರಿ ಒಂದು ಮನೆಯ ತಿಂಗಳ ಖರ್ಚನ್ನು ಮೀರೀತು. ಗಿರಾಕಿಯೇ ಕೇಳದಿದ್ದರೆ ಮಾಲೀಕರು ಬದಲಾಗುವುದಕ್ಕೆ ಕಾರಣವಾದರೂ ಏನು?

ಇದಕ್ಕೆ ಎದುರುವಾದವೂ ಹಗುರವಾದದ್ದಲ್ಲ. ಮುದ್ರೆ ಇರುವುದು ಪೊಟ್ಟಣದ ಮೇಲೆ, ತಟ್ಟೆಯ ಮೇಲಲ್ಲ. ಚೀಲ ಒಡೆದು ಅಕ್ಕಿ ಪಾತ್ರೆಗೆ ಬಿದ್ದ ಮೇಲೆ ಅದು ಯಾವ ಗದ್ದೆಯದೆಂದು ಹೇಳಬಲ್ಲವರು ಅಡುಗೆಮನೆಯವರು ಮಾತ್ರ. ಮೆನುವಿನಲ್ಲಿ ‘ಆರ್ಗ್ಯಾನಿಕ್’ ಎಂದು ಬರೆದು ಒಂದೂವರೆ ಪಟ್ಟು ಬೆಲೆ ಹಾಕಿದರೆ, ಆ ಹೆಚ್ಚುವರಿ ಹಣ ರೈತನಿಗೆ ಸೇರಿತೋ ಬರಹಕ್ಕೆ ಸೇರಿತೋ ತಿಳಿಯದು. ಹೋಟೆಲಿನ ಕಷ್ಟವೂ ನಿಜವೇ. ವರ್ಷವಿಡೀ ಒಂದೇ ರುಚಿಯ ಸಾಗು, ಒಂದೇ ಗಾತ್ರದ ಟೊಮ್ಯಾಟೊ ಬೇಡುವ ಅಡುಗೆಗೆ, ಮಳೆ ಹೆಚ್ಚಾದರೆ ಬಾರದ, ಹುಳು ಬಿದ್ದರೆ ಅರ್ಧಕ್ಕಿಳಿಯುವ ಬೆಳೆಯನ್ನು ಹೊಂದಿಸುವುದು ದುಸ್ತರ. ಎಲ್ಲವೂ ಸಾವಯವ, ಎಲ್ಲವೂ ಎಂದೆಂದೂ ಲಭ್ಯ ಎನ್ನುವ ಮೆನುವಿಗಿಂತ ‘ಇಂದು ಬೀನ್ಸ್ ಇಲ್ಲ’ ಎನ್ನುವ ಮೆನು ಹೆಚ್ಚು ನಂಬಿಕೆಗೆ ಅರ್ಹ ಎಂದು ನನಗನ್ನಿಸುತ್ತದೆ.

ಆರೋಗ್ಯದ ವಿಷಯದಲ್ಲಿ ವಿಜ್ಞಾನಿಗಳೂ ಒಂದೇ ಸ್ವರದಲ್ಲಿ ಮಾತಾಡುವುದಿಲ್ಲ. ಸ್ಟ್ಯಾನ್‌ಫರ್ಡಿನ ತಂಡ 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಪೌಷ್ಟಿಕತೆಯಲ್ಲಿ ಸಾವಯವ ಮೇಲು ಎನ್ನಲು ಬಲವಾದ ಪುರಾವೆಯಿಲ್ಲ, ಆದರೆ ಕೀಟನಾಶಕದ ಉಳಿಕೆ ಕಡಿಮೆ ಎಂದಿತು. ನ್ಯೂಕಾಸಲ್ ವಿಶ್ವವಿದ್ಯಾಲಯದವರ ನೇತೃತ್ವದ 2014ರ ಸಮೀಕ್ಷೆಗೆ ಸಾವಯವ ಬೆಳೆಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಕಂಡಿತು. ಉಳಿಕೆ ಕಡಿಮೆಯೆಂಬುದರಲ್ಲಿ ಎರಡೂ ಕೂಡುತ್ತವೆ. ಆದರೆ ಅದು ವರ್ಷಗಟ್ಟಲೆ ದೇಹಕ್ಕೆ ಸೇರುವ ಲೆಕ್ಕ. ಪರವೂರಿನಲ್ಲಿರುವವನನ್ನು ಇವತ್ತೇ ಮಲಗಿಸಬಲ್ಲದ್ದು ಕೆಟ್ಟ ನೀರು, ತಂಗಳು ಚಟ್ನಿ. ಪದೇಪದೇ ಕಾಯಿಸಿದ ಕರಿದೆಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25ನ್ನು ಮೀರಬಾರದೆಂಬ ನಿಯಮ 2018ರಿಂದ ಇದೆ. ಮೀರಿದ ಎಣ್ಣೆಯಲ್ಲಿ ಕರಿದ ಬಜ್ಜಿಗೆ ಸಾವಯವ ಬಾಳೆಕಾಯಿ ಹಾಕಿದರೆ ಬಂದ ಭಾಗ್ಯವೇನು?

ನಾಲ್ಕೆಂಟು ದಿನಗಳ ಮಾತು ಎಲ್ಲರಿಗೂ ಅನ್ವಯಿಸದು ಎಂಬ ಆಕ್ಷೇಪ ನ್ಯಾಯವಾದದ್ದೇ. ವಿಕಿರಣ ಚಿಕಿತ್ಸೆಗೆ ಬಂದವರು ವಾರಗಟ್ಟಲೆ ಉಳಿಯಬೇಕಾಗುತ್ತದೆ. ಗರ್ಭಿಣಿಯರು, ಎಳೆಯ ಮಕ್ಕಳು ಜೊತೆಗಿರಬಹುದು. ಅವರ ಎಚ್ಚರಿಕೆಯನ್ನು ಗೀಳು ಎಂದು ತಳ್ಳಿಹಾಕುವುದು ತರವಲ್ಲ. ಆದರೂ ಒಂದು ಮಾತು ಸೇರಿಸಬೇಕು: ಸಾವಯವ ಪ್ರಮಾಣಪತ್ರ ಬೆಳೆದ ಬಗೆಯನ್ನು ಹೇಳುತ್ತದೆಯೇ ಹೊರತು ರೋಗಾಣು ಇಲ್ಲವೆಂದು ಹೇಳುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಸೊಪ್ಪನ್ನು ಸರಿಯಾಗಿ ತೊಳೆಯದೆ ಹಸಿಯಾಗಿ ಬಡಿಸಿದರೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಬೇಯಿಸಿದ ಸಾಮಾನ್ಯ ಸೊಪ್ಪಿಗಿಂತ ಹೆಚ್ಚು ಅಪಾಯಕಾರಿ.

ಎರಡೂ ಪಕ್ಷದವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಒಂದು ದಾರಿ ಮುದ್ದೆ ಊಟದ ಹೋಟೆಲು. ಕೋಲಾರ, ತುಮಕೂರು ಕಡೆಯ ರಾಗಿ ಬಹುಮಟ್ಟಿಗೆ ಮಳೆಯಾಶ್ರಿತ. ಕೀಟನಾಶಕದ ಸಿಂಪಡಣೆ ಅದಕ್ಕೆ ಕಡಿಮೆ. ಯೂರಿಯಾ, ಡಿಎಪಿ ಬೀಳುವುದುಂಟು, ಆದ್ದರಿಂದ ಅದನ್ನು ಸಾವಯವ ಎನ್ನುವಂತಿಲ್ಲ. ಆದರೂ ಸಂಶಯದ ಸಲಾಡಿಗಿಂತ ಬಿಸಿ ಮುದ್ದೆಯೇ ಸಾವಯವ ಹುಡುಕುವವನ ಉದ್ದೇಶಕ್ಕೆ ಹತ್ತಿರ, ಜೇಬಿಗೂ ಹತ್ತಿರ.

ಎರಡೂ ವಾದಗಳನ್ನು ತೂಗಿದಾಗ, ಶ್ರಮವನ್ನು ಪರೀಕ್ಷಿಸಲು ಸಾಧ್ಯವಿರುವ ಕಡೆಗೆ ಮಾತ್ರ ತಿರುಗಿಸುವುದು ಸರಿಯೆಂದು ತೋರುತ್ತದೆ. ಬಹುತೇಕ ಲಾಡ್ಜುಗಳು ಕೊಠಡಿಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಆದರೆ ಮುದ್ರೆಯಿರುವ ಅವಲಕ್ಕಿ, ರಾಗಿ ಹುರಿಹಿಟ್ಟು, ಬೆಲ್ಲ, ಗೊತ್ತಿರುವ ಮಳಿಗೆಯ ಬಾಳೆಹಣ್ಣಿಗೆ ಒಲೆ ಬೇಕಿಲ್ಲ. ಬೆಳಗಿನ ತಿಂಡಿಯನ್ನೂ ಸಂಜೆಯ ಹಸಿವನ್ನೂ ಅಷ್ಟರಲ್ಲಿ ನಿಭಾಯಿಸಬಹುದು. ಮುದ್ರೆ ಇಲ್ಲದ್ದೆಲ್ಲ ಮೋಸವೂ ಅಲ್ಲ: ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟಿಲ್ಲದ ಸಣ್ಣ ಬೆಳೆಗಾರರು ನೇರವಾಗಿ ಮಾರುವುದಕ್ಕೆ ಅದೇ 2017ರ ನಿಯಮ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದೆ. ಅಂಥವರೊಡನೆ ಮಾತಾಡಿ ತೀರ್ಮಾನಿಸಬೇಕಷ್ಟೆ. ಮಧ್ಯಾಹ್ನದ ಬಿಸಿ ಊಟವನ್ನು, ಜನ ತುಂಬಿರುವ, ಅಡುಗೆಮನೆ ಕಣ್ಣಿಗೆ ಕಾಣುವ ಹೋಟೆಲಿಗೆ ಬಿಟ್ಟುಬಿಡುವುದರಲ್ಲಿ ತಪ್ಪಿಲ್ಲ. ಬರಿಯ ಬೋರ್ಡು ನಂಬಿ ಹೆಚ್ಚು ಹಣ ತೆರುವುದು ಬೇಡ. ಆದರೆ ಬಿಲ್ಲು ಕೊಡುವಾಗ ‘ಅಕ್ಕಿ, ತರಕಾರಿ ಎಲ್ಲಿಂದ ತರಿಸುತ್ತೀರಿ?’ ಎಂದು ಕೇಳುವುದನ್ನು ಬಿಡಬೇಡಿ.