ಶೇ 11ರ ಮಿತಿ ಯಾರನ್ನು ಕಟ್ಟಿಹಾಕುತ್ತದೆ?

ದೊಡ್ಡ ಕಂಪನಿಗಳ ಮುಖ್ಯಸ್ಥರ ಸಂಭಾವನೆಗೆ ಭಾರತದ ಕಾನೂನು ಹಾಕಿರುವ ಮಿತಿ ಹೆಚ್ಚು ಲಾಭದ ಕಂಪನಿಗಳನ್ನು ಮುಟ್ಟುವುದೇ ಇಲ್ಲ. ವಾರ್ಷಿಕ ವರದಿಗಳು ಹೊರಬಿದ್ದಾಗಲೆಲ್ಲ ಯಾರಿಗೆ ಎಷ್ಟು ಕೋಟಿ ಎಂಬುದು ಸುದ್ದಿಯಾಗುತ್ತದೆ. ಆ ಕೋಟಿಗಳಿಗೆ ದಾರಿ ಬಿಟ್ಟುಕೊಟ್ಟ ಶೇ 11ರ ಲೆಕ್ಕ ಚರ್ಚೆಗೇ ಬರುವುದಿಲ್ಲ.

1956ರ ಕಂಪನಿ ಕಾಯ್ದೆಯ 198ನೇ ಸೆಕ್ಷನ್ ಕಂಪನಿ ನಡೆಸುವವರೆಲ್ಲರ ಒಟ್ಟು ಸಂಭಾವನೆ ನಿವ್ವಳ ಲಾಭದ ಶೇ 11 ಮೀರಬಾರದು ಎಂದಿತು. ಕಂಪನಿಗಳ ಆಡಳಿತವನ್ನು ಒಪ್ಪಂದದ ಮೇಲೆ ನಡೆಸುತ್ತಿದ್ದ ಮ್ಯಾನೇಜಿಂಗ್ ಏಜೆನ್ಸಿಗಳು ಕಮಿಷನ್ ಹೆಸರಿನಲ್ಲಿ ಲಾಭವನ್ನು ಹೀರುತ್ತಿದ್ದ ಕಾಲ ಅದು. 1970ರಲ್ಲಿ ಏಜೆನ್ಸಿ ಪದ್ಧತಿ ರದ್ದಾಯಿತು, ಶೇ 11 ಉಳಿಯಿತು. ಆದರೂ ಮುಂದಿನ ಎರಡು ದಶಕ ಸಂಬಳವನ್ನು ನಿಜವಾಗಿ ಹಿಡಿದಿಟ್ಟದ್ದು ಸರ್ಕಾರ ರೂಪಾಯಿ ಲೆಕ್ಕದಲ್ಲೇ ಗೊತ್ತುಮಾಡುತ್ತಿದ್ದ ಗರಿಷ್ಠ ಸಂಬಳ ಮತ್ತು ಆದಾಯ ತೆರಿಗೆ. 1973-74ರಲ್ಲಿ ಅತಿ ಮೇಲಿನ ಹಂತದ ತೆರಿಗೆ, ಸರ್ಚಾರ್ಜ್ ಸೇರಿ, ಶೇ 97.75. ನೂರು ರೂಪಾಯಿ ಹೆಚ್ಚಿಸಿದರೆ ಕೈಗೆ ಸಿಗುತ್ತಿದ್ದುದು ಎರಡೂಕಾಲು ರೂಪಾಯಿ. ಹಾಗಾಗಿ ಮನೆ, ಕಾರು, ಕ್ಲಬ್ ಸದಸ್ಯತ್ವಗಳೇ ಸಂಬಳದ ಜಾಗ ಹಿಡಿದವು.

1990ರ ದಶಕದಲ್ಲಿ ರೂಪಾಯಿ ಮಿತಿ ಹೋಯಿತು, ತೆರಿಗೆ ಇಳಿಯಿತು. ಉಳಿದದ್ದು ಲಾಭದ ಜೊತೆಗೇ ಹಿಗ್ಗುವ ಶೇಕಡಾವಾರು ಮಿತಿ. 2013ರ ಕಾಯ್ದೆಯೂ ಅದನ್ನೇ ಮುಂದುವರಿಸಿತು: ಒಟ್ಟು ಶೇ 11, ಒಬ್ಬರೇ ವ್ಯವಸ್ಥಾಪಕ ನಿರ್ದೇಶಕರಿದ್ದರೆ ಅವರಿಗೆ ಶೇ 5. ಬೆಂಗಳೂರಿನ ಇನ್ಫೊಸಿಸ್‌ನ ಲೆಕ್ಕ ನೋಡಬಹುದು. 2024-25ರಲ್ಲಿ ಅದರ ನಿವ್ವಳ ಲಾಭ ಸುಮಾರು 26,700 ಕೋಟಿ ರೂಪಾಯಿ. ಸ್ಥೂಲವಾಗಿ ಇದರ ಶೇ 5 ಎಂದರೆ 1,300 ಕೋಟಿಗೂ ಹೆಚ್ಚು. ಸಿಇಒ ಸಲೀಲ್ ಪಾರೇಖ್ ಪಡೆದದ್ದು ಸುಮಾರು 80 ಕೋಟಿ. ಟೀಕೆಗೆ ಗುರಿಯಾಗುವ ಈ ಮೊತ್ತ ಹದಿನಾರು ಪಟ್ಟಾದರೂ ಕಾನೂನು ಕದಲುವುದಿಲ್ಲ. ಇದನ್ನು ಮಿತಿ ಎಂದು ಕರೆಯುವುದರಲ್ಲಿ ಅರ್ಥವಿಲ್ಲ.

ಆ 80 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಷೇರುಗಳಿಂದ. ಈ ರೂಢಿ ಬಂದದ್ದು ಅಮೆರಿಕದಿಂದ. ಅಮೆರಿಕ 1993ರಲ್ಲಿ 10 ಲಕ್ಷ ಡಾಲರ್ ಮೀರಿದ ಸಂಬಳಕ್ಕೆ ಕಂಪನಿಗಳ ತೆರಿಗೆ ವಿನಾಯಿತಿ ನಿಲ್ಲಿಸಿ, ಸಾಧನೆ ಆಧಾರಿತ ಪಾವತಿಯನ್ನು ಮಾತ್ರ ಹೊರಗಿಟ್ಟಿತು. ಅಲ್ಲಿ ಸ್ಟಾಕ್ ಆಪ್ಷನ್‌ಗಳು ಉಬ್ಬಿದವು. ಅಮೆರಿಕದ ಗ್ರಾಹಕರನ್ನೇ ನಂಬಿದ ಭಾರತದ ಐಟಿ ಕಂಪನಿಗಳು ಮುಖ್ಯಸ್ಥರನ್ನು ಆರಿಸುವಾಗ ಆ ಮಾರುಕಟ್ಟೆಯ ದರವನ್ನೇ ಅಳತೆಗೋಲಾಗಿಸಿಕೊಂಡವು. 

ಶೇ 11ರ ನಿಯಮ ಕಟ್ಟಿಹಾಕುವುದು ಲಾಭ ಸಾಲದ ಕಂಪನಿಯನ್ನು ಮಾತ್ರ. 2014ರಲ್ಲಿ ಲಾಭ ಸಾಲದೆ ಟಾಟಾ ಮೋಟಾರ್ಸ್ ಮೂವರು ಅಧಿಕಾರಿಗಳ ಸಂಭಾವನೆಗೆ ಷೇರುದಾರರ ವಿಶೇಷ ನಿರ್ಣಯ ಕೇಳಬೇಕಾಯಿತು. ಷೇರುದಾರರು ಮೊದಲು ತಿರಸ್ಕರಿಸಿದರು. ಅಂಥ ಪ್ರಕರಣಗಳಲ್ಲಿ ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನೂ 2018ರಲ್ಲಿ ಕೈಬಿಡಲಾಯಿತು. ಅದು ಮರಳಬೇಕೆಂದು ಕೇಳುವುದು ವ್ಯರ್ಥ. ಹೆಚ್ಚು ಲಾಭದ ಕಂಪನಿಗಳು ಕೇಂದ್ರದ ಬಳಿಗೆ ಹೋಗಬೇಕಾಗಿಯೇ ಇರಲಿಲ್ಲ.

ಕೆಲಸ ಮಾಡಿದ ಅಸ್ತ್ರ ಬೇರೆಯಿದೆ. ಪ್ರವರ್ತಕ ನಿರ್ದೇಶಕರ ಸಂಭಾವನೆ 5 ಕೋಟಿ ಅಥವಾ ಲಾಭದ ಶೇ 2.5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ ವಿಶೇಷ ನಿರ್ಣಯ ಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2019ರಿಂದ ವಿಧಿಸಿದೆ. ವಿಶೇಷ ನಿರ್ಣಯ ಗೆಲ್ಲಲು ಚಲಾಯಿತ ಮತಗಳಲ್ಲಿ ಮುಕ್ಕಾಲು ಪಾಲು ಬೇಕು. 2021ರಲ್ಲಿ ಐಷರ್ ಮೋಟಾರ್ಸ್‌ನ ಪ್ರವರ್ತಕ ಸಿದ್ಧಾರ್ಥ ಲಾಲ್ ಅವರ, ಸಂಭಾವನೆಯೂ ಸೇರಿದ್ದ ಮರುನೇಮಕದ ಪ್ರಸ್ತಾವ ಬಿದ್ದದ್ದು ಆ ಮುಕ್ಕಾಲು ಪಾಲು ಸಿಗದ ಕಾರಣಕ್ಕೆ. ನಂತರ ಆಡಳಿತ ಮಂಡಳಿ ಸಂಭಾವನೆಯ ಮಿತಿಯನ್ನು ಲಾಭದ ಶೇ 1.5ಕ್ಕೆ ಇಳಿಸಿತು. ಪ್ರವರ್ತಕರಲ್ಲದ ಸಿಇಒಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಾಯ್ದೆಯ ಮಿತಿಯೊಳಗಿದ್ದರೆ ಅವರಿಗೆ ಸರಳ ಬಹುಮತ ಸಾಕು. ಮುಕ್ಕಾಲು ಪಾಲು ಮತದ ಷರತ್ತನ್ನು ಅವರಿಗೂ ವಿಸ್ತರಿಸಬೇಕು. ನಿರ್ದೇಶಕರ ಸಂಭಾವನೆ ನೌಕರರ ಮಧ್ಯಾಂಕ (ಮೀಡಿಯನ್) ಸಂಬಳದ ಎಷ್ಟು ಪಟ್ಟು ಎಂದು ಕಂಪನಿಗಳು ಈಗಾಗಲೇ ಪ್ರಕಟಿಸುತ್ತಿವೆ. ಆ ಅನುಪಾತವನ್ನೂ ಅದೇ ಮತದಾನದ ಮುಂದಿಡಬೇಕು.